ಕೆಂಪನ್ನು ಹಳದಿ ಮಾಡಿದವನು

ಸುಳ್ಳು ಹೇಳಿದವನು ನಾನು. ಸೆನ್ಸಾರ್ ಕೆಟ್ಟಿರಲಿಲ್ಲ. ಅದು ಕೆಟ್ಟಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ, ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟು, ಗಂಟಲು ಸರಿಪಡಿಸಿಕೊಂಡು, "ಅದು ಸೆನ್ಸಾರ್ ದೋಷ ಸರ್, ಯಂತ್ರದ್ದಲ್ಲ" ಎಂದೆ. ಆ ಮಾತನ್ನು ನಂಬಿ ಸರ್ಕಾರದ ಒಂದು ಹವಾಮಾನ ಉಪಗ್ರಹವನ್ನು ಆಕಾಶಕ್ಕೆ ಕಳಿಸಿದರು. ಆ ಮಾತಿನಿಂದ ಒಬ್ಬಳ ಕೆಲಸ ಹೋಯಿತು, ಮಾನ ಹೋಯಿತು. ಇನ್ನೊಬ್ಬಳ ಕಿವಿ ಹೋಯಿತು. ನನ್ನದು ಏನೂ ಹೋಗಲಿಲ್ಲ — ಬಡ್ತಿ ಸಿಕ್ಕಿತು.

ನನ್ನ ಹೆಸರು ನಾಗಭೂಷಣ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯವನು. ಬೆಂಗಳೂರಿನಲ್ಲಿ ಉಪಗ್ರಹ ಯೋಜನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಆ ಬಡ್ತಿಗೆ ಮುಂಚೆ ನನಗಿದ್ದ ಹೊಣೆಯ ಹೆಸರು ಅಪಾಯ ನಿರ್ವಹಣೆ. ಉಪಗ್ರಹದ ಯಾವ ಭಾಗ ಎಲ್ಲಿ ಕೈಕೊಡಬಹುದು, ಕೈಕೊಟ್ಟರೆ ಏನಾಗುತ್ತದೆ, ಆಗದಂತೆ ಏನು ಮಾಡಬೇಕು — ಇದನ್ನೆಲ್ಲ ಮೊದಲೇ ಯೋಚಿಸಿ, ಪ್ರತಿಯೊಂದು ಅಪಾಯಕ್ಕೂ ಒಂದು ಬಣ್ಣ ಕೊಡುವುದು. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಕಣ್ಣಿಟ್ಟಿರಿ, ಆದರೆ ಮುಂದೆ ಹೋಗಿ. ಕೆಂಪು ಎಂದರೆ ನಿಲ್ಲಿ. ನಿಲ್ಲಿ ಎನ್ನುವ ಅಧಿಕಾರ ನನಗಿತ್ತು. ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದೇ ಆ ಒಂದು ಮಾತು ಹೇಳುವುದಕ್ಕೆ. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ಶಾಹೀನಾ ಶಿರಾದವಳು. ನನಗಿಂತ ಬಹಳ ಚಿಕ್ಕವಳು. ಅವಳ ತಂದೆ ಅಲ್ಲಿನ ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಮ್ಮ ಕಡೆಯವಳೆಂದು ಗೊತ್ತಾದ ದಿನದಿಂದ ನನಗೆ ಅವಳ ಮೇಲೆ ಒಂದು ಬಗೆಯ ಸಲಿಗೆ. ಶನಿವಾರ ಎಷ್ಟೋ ಸಲ ತುಮಕೂರಿನವರೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಲ್ಲಿಂದ ಅವಳು ಶಿರಾ ಬಸ್ಸು ಹತ್ತುವಳು, ನಾನು ಕೊರಟಗೆರೆ ಮೇಲಿನ ಮಧುಗಿರಿ ಬಸ್ಸು. ಕಚೇರಿಯಲ್ಲಿ ಎಲ್ಲರ ಎದುರು 'ಸರ್' ಎನ್ನುತ್ತಿದ್ದವಳು ಬಸ್ಸಿನಲ್ಲಿ 'ನಾಗಣ್ಣ' ಎನ್ನುವಳು. ಹಬ್ಬಕ್ಕೆ ಅವಳ ತಾಯಿ ಮಾಡಿದ ಶಾವಿಗೆಯನ್ನು ಡಬ್ಬಿಯಲ್ಲಿ ತಂದು ಕೊಡುವಳು. ತಿಂದಿದ್ದೇನೆ. ಎಲ್ಲ ಹಬ್ಬದಲ್ಲೂ ತಿಂದಿದ್ದೇನೆ.

ಆ ಉಪಗ್ರಹದ ಕ್ಯಾಮೆರಾದಲ್ಲಿ ಒಂದು ಕನ್ನಡಿ ಇತ್ತು. ಅದು ಅತ್ತಿಂದಿತ್ತ ತೂಗುತ್ತ ಭೂಮಿಯನ್ನು ಗೆರೆ ಗೆರೆಯಾಗಿ ನೋಡಬೇಕು. ಆಗಲೇ ಮೋಡಗಳ ಚಿತ್ರ ಬರುವುದು. ಕನ್ನಡಿ ನಿಂತರೆ ಕ್ಯಾಮೆರಾ ಕುರುಡು. ಕನ್ನಡಿಯನ್ನು ತೂಗಿಸುವ ಭಾಗ ಶಾಹೀನಾಳ ಹೊಣೆ. ಆಕಾಶದಲ್ಲಿರುವಂಥದೇ ಚಳಿಯನ್ನೂ ಗಾಳಿಯಿಲ್ಲದ ಸ್ಥಿತಿಯನ್ನೂ ಒಂದು ದೊಡ್ಡ ಪೆಟ್ಟಿಗೆಯೊಳಗೆ ಉಂಟುಮಾಡಿ ಅದನ್ನು ಪರೀಕ್ಷಿಸುವಾಗ, ಕನ್ನಡಿ ಒಮ್ಮೆ ತಡವರಿಸಿತು. ತೂಗುತ್ತ ತೂಗುತ್ತ ಒಂದು ಕ್ಷಣ ಸಿಕ್ಕಿಕೊಂಡಂತಾಗಿ ಮತ್ತೆ ಹೊರಟಿತು. ಕನ್ನಡಿಯ ಚಲನೆಯನ್ನು ಅಳೆಯುವ ಸೆನ್ಸಾರೇ ತಪ್ಪು ತೋರಿಸಿರಬೇಕು ಎಂದರು ಕೆಲವರು. ಅವಳು ಅದಕ್ಕೆ ಕೆಂಪು ಕೊಟ್ಟಳು. ಕನ್ನಡಿ ತಿರುಗುವ ಬೇರಿಂಗನ್ನು ಬಿಚ್ಚಿ, ಹೊಸದು ಕೂರಿಸಿ, ಮತ್ತೆ ಮೊದಲಿಂದ ಪರೀಕ್ಷೆ ಮಾಡಬೇಕು ಎಂದಳು. ಹಾಗೆ ಮಾಡಿದರೆ ಉಡಾವಣೆ ತಿಂಗಳುಗಟ್ಟಲೆ ಮುಂದೆ ಹೋಗುತ್ತಿತ್ತು. ದೊಡ್ಡವರು ಉಡಾವಣೆ ನೋಡಲು ಬರುವ ದಿನ ಆಗಲೇ ನಿಗದಿಯಾಗಿತ್ತು.

ನಿರ್ದೇಶಕರು ನನ್ನನ್ನು ಕರೆಸಿಕೊಂಡರು. ಬಾಗಿಲು ಹಾಕಲೂ ಇಲ್ಲ. "ನಾಗಭೂಷಣ್, ಕೊನೇ ಸಭೆಗೆ ಒಂದು ಕೆಂಪೂ ಇರಬಾರದು. ಹೇಗೆ ಅನ್ನೋದು ನಿಮಗೆ ಬಿಟ್ಟಿದ್ದು" ಎಂದರು. ಅಷ್ಟೇ. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಹೆದರಿಸಲಿಲ್ಲ. ಅವರ ಕೆಳಗಿನ ಕುರ್ಚಿ ಖಾಲಿಯಾಗುವುದಿತ್ತು, ಆ ಮಾತನ್ನು ಅವರು ಎತ್ತಲೂ ಇಲ್ಲ. ಎತ್ತಬೇಕಾಗಿರಲಿಲ್ಲ — ನನ್ನ ಬಾಯಲ್ಲಿ ಆಗಲೇ ನೀರೂರಿತ್ತು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಶಾಹೀನಾ ಕಚೇರಿಯ ಮೆಟ್ಟಿಲ ಹತ್ತಿರ ಸಿಕ್ಕಳು. ಕೈಯಲ್ಲಿ ಬ್ಯಾಗು. ಮುಖ ಬಿಳುಚಿಕೊಂಡಿತ್ತು.

"ನಾಗಣ್ಣ, ಅಬ್ಬಾಗೆ ಲಕ್ವ ಹೊಡೆದಿದೆ. ಶಿರಾ ಆಸ್ಪತ್ರೇಲಿ ಇದಾರೆ. ಹೋಗ್ತಿದೀನಿ" ಎಂದಳು. ಮೆಟ್ಟಿಲಿಳಿಯುತ್ತಿದ್ದವಳು ನಿಂತಳು. "ಸೆನ್ಸಾರ್ ಇರಬಹುದು ಅಂತ ಎಲ್ರೂ ಅಂತಿದ್ರಲ್ಲ, ಬದಲಾಯಿಸಿ ಮತ್ತೆ ನೋಡಿದೆ. ಅದೇ ಥರ ಸಿಕ್ಕಿಕೊಳ್ತು. ಸೆನ್ಸಾರ್ ಅಲ್ಲ, ಬೇರಿಂಗೇ. ಬರೆದಿಡೋಕೆ ಆಗಿಲ್ಲ. ಸಭೇಲಿ ನೀವು ಹೇಳ್ತೀರಲ್ವಾ?"

"ನೀನು ಹೋಗಮ್ಮ. ಅಪ್ಪಾಜೀನ ನೋಡ್ಕೊ. ಇಲ್ಲಿದ್ದು ನನಗೆ ಬಿಡು" ಎಂದೆ.

ಅವಳಿಗೆ ಅಳು ಬಂತು. ನಾನೇ ಗೇಟಿನವರೆಗೆ ಹೋಗಿ ಆಟೋ ನಿಲ್ಲಿಸಿದೆ. ಅವಳ ಬ್ಯಾಗನ್ನು ಒಳಗಿಟ್ಟೆ. ಆ ಮಾತು ಹೇಳುವಾಗ ನನ್ನ ಮನಸ್ಸಿನಲ್ಲಿ ನಿಜವಾಗಿ ಏನಿತ್ತು — ಹೇಳಬೇಕೆಂದೇ ಇತ್ತೇ, ಅಥವಾ ಆಗಲೇ, ಆ ಬ್ಯಾಗು ಎತ್ತುವ ಹೊತ್ತಿಗೇ — ಇದನ್ನು ಕೆದಕುವುದನ್ನು ಬಿಟ್ಟಿದ್ದೇನೆ. ಹೌದೆಂದರೂ ಹೇಸಿಗೆ, ಅಲ್ಲವೆಂದರೂ ಹೇಸಿಗೆ.

ಮರುದಿನದ ಸಭೆಯಲ್ಲಿ ನಡೆದದ್ದನ್ನು ಆಗಲೇ ಹೇಳಿದ್ದೇನೆ. ಒಬ್ಬ ಹಿರಿಯರು ಮಾತ್ರ, "ಸೆನ್ಸಾರ್ ಬದಲಾಯಿಸಿ ನೋಡಿದಿರಾ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಆದರೂ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. "ಆ ಇಂಜಿನಿಯರು ರಜೆ ಮೇಲೆ ಹೋಗಿದಾರೆ ಸರ್, ನೋಡಿದ ಹಾಗೆ ಕಾಣೆ" ಎಂದೆ. ಕೆಂಪು ಹಳದಿಯಾಯಿತು. 'ಸ್ವೀಕಾರಾರ್ಹ ಅಪಾಯ' ಎಂದು ನಮ್ಮಲ್ಲೊಂದು ಮಾತಿದೆ. ಅದನ್ನೂ ನಾನೇ ಸೂಚಿಸಿದೆ. ಎಂಥ ಚೊಕ್ಕಟ ಮಾತು ನೋಡಿ! ಸ್ವೀಕರಿಸಿದ್ದು ಯಾರು? ಹವಾನಿಯಂತ್ರಿತ ಕೋಣೆಯಲ್ಲಿ ಕೂತವರು. ಯಾರ ತಲೆಯ ಮೇಲಿನ ಅಪಾಯವನ್ನು? ಅವರನ್ನು ಯಾರೂ ಕೇಳಲಿಲ್ಲ. ಆಮೇಲೆ ಮೈಸೂರುಪಾಕು ಹಂಚಿದರು. ಎರಡನೆಯ ತುಂಡನ್ನೂ ತೆಗೆದುಕೊಂಡೆ.

ಶಾಹೀನಾಳ ತಂದೆ ಉಳಿಯಲಿಲ್ಲ. ಮಣ್ಣು ಮಾಡಿ, ಕೆಲವು ದಿನ ತಾಯಿಯ ಜೊತೆಗಿದ್ದು ಅವಳು ಹಿಂದಿರುಗುವಷ್ಟರಲ್ಲಿ ಉಪಗ್ರಹವನ್ನು ಉಡಾವಣೆಯ ಜಾಗಕ್ಕೆ ಸಾಗಿಸಿಯಾಗಿತ್ತು. ನೇರ ನನ್ನ ಹತ್ತಿರ ಬಂದಳು. "ಹಳದಿ ಹೇಗಾಯ್ತು ನಾಗಣ್ಣ?"

"ನಾನು ಎಷ್ಟೋ ಹೇಳಿದೆ ಕಣಮ್ಮ. ಮೇಲಿನೋರು ಕೇಳಲಿಲ್ಲ."

ನಂಬಿದಳು. "ನೀವಾದ್ರೂ ಹೇಳಿದ್ರಲ್ಲ" ಎಂದಳು. ತಂದೆಯನ್ನು ಕಳೆದುಕೊಂಡು ಬಂದ ಹುಡುಗಿ ನನಗೆ ಸಮಾಧಾನ ಹೇಳಿದಳು. ಆಮೇಲೆ ತಾನೇ ಎಲ್ಲವನ್ನೂ ವಿವರವಾಗಿ ಬರೆದು ಮೇಲಕ್ಕೆ ಕಳಿಸಿದಳು. ಮುಗಿದ ವಿಷಯ ಎಂಬ ಉತ್ತರ ಬಂತು.

ಉಡಾವಣೆ ಚೆನ್ನಾಗಿ ಆಯಿತು. ಮಧುಗಿರಿಯಲ್ಲಿ ನನ್ನನ್ನು ವೇದಿಕೆ ಹತ್ತಿಸಿ ಪೇಟ ಸುತ್ತಿದರು, ಶಾಲು ಹೊದಿಸಿದರು. ಬರಗಾಲದ ಸೀಮೆಯ ಹುಡುಗ ಮೋಡಗಳಿಗೆ ಕಾವಲು ನಿಂತಿದ್ದಾನೆ ಎಂದು ಒಬ್ಬರು ಭಾಷಣ ಮಾಡಿದರು. ಕೈಮುಗಿದೆ. ಕೈಮುಗಿದದ್ದಷ್ಟೇ ಅಲ್ಲ, ನನ್ನ ಕಣ್ಣು ಒದ್ದೆಯಾಗಿತ್ತು. ನಿಜವಾದ ನೀರು.

ಅದೇ ಖುಷಿಯಲ್ಲಿ ಪಾವಗಡದ ಕಡೆಯ ನಿಡುಗಲ್ಲಿಗೆ ಹೋದೆ. ಅಲ್ಲಿ ನನ್ನ ದೊಡ್ಡಪ್ಪನ ಮಗಳು ಈರಕ್ಕ ಇದ್ದಾಳೆ. ಕೊಡಿಗೇನಹಳ್ಳಿಯಲ್ಲಿ ಒಂದೇ ಹಟ್ಟಿಯಲ್ಲಿ ಬೆಳೆದವರು ನಾವು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಗಂಡ ತಿಪ್ಪೇಸ್ವಾಮಿ ಹೊಲ ನೋಡಿಕೊಂಡರೆ ಅವಳು ಕುರಿ ನೋಡಿಕೊಳ್ಳುತ್ತಾಳೆ. ಕೋಟೆಬೆಟ್ಟದ ಇಳಿಜಾರೆಲ್ಲ ಅವಳ ಕಾಲಿಗೆ ಗೊತ್ತು.

"ಏನ್ಲಾ ನಾಗ, ಆಕಾಸ್ಕೇ ಕಣ್ಣು ಇಟ್‌ಬುಟ್ಯಂತೆ?" ಎಂದು ನಕ್ಕಳು. "ನಂಗೇನ್ಲಾ ಅದ್ರಿಂದ?"

ಅವಳ ಫೋನನ್ನು ಇಸಿದುಕೊಂಡು, ನಮ್ಮ ಉಪಗ್ರಹದ ಚಿತ್ರ ನೋಡಿ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ಸರ್ಕಾರದ ಆ್ಯಪನ್ನು ಹಾಕಿಕೊಟ್ಟೆ. ಜೋರಾಗಿ ಕೂಗುವಂತೆ ಮಾಡಿ ಒಮ್ಮೆ ಕೇಳಿಸಿದೆ. "ಸಿಡ್ಲು ಬರೋ ಮುಂಚೆ ಇದು ಹಿಂಗೆ ಕೂಗ್ತದೆ ಅಕ್ಕ. ಕೂಗಿದ ತಕ್ಷಣ ಬಯಲು ಬಿಟ್ಟು, ಮರ ಬಿಟ್ಟು, ಮನೆ ಸೇರ್ಕೋಬೇಕು."

"ಕೂಗ್ದಿದ್ರೆ?"

"ಕೂಗ್ದಿದ್ರೆ ಭಯ ಇಲ್ಲ."

ಹೀಗೆಂದೆ. ಇದೇ ಮಾತು.

ಮೊದಲ ಮಳೆಗಾಲದಲ್ಲಿ ಅದು ಸರಿಯಾಗಿಯೇ ಕೂಗಿತು. ಈರಕ್ಕ ಊರಿಗೆಲ್ಲ ಹೇಳಿಕೊಂಡು ಬಂದಳಂತೆ, ನಮ್ ನಾಗ ಮೇಲಿಂದ ನೋಡ್ತಾ ಇರ್ತಾನೆ ಎಂದು. ಆಮೇಲೆ, ಇನ್ನೂ ಬಹುಕಾಲ ಕೆಲಸ ಮಾಡಬೇಕಾಗಿದ್ದ ಆ ಕನ್ನಡಿ ಆಕಾಶದಲ್ಲಿ ಸಿಕ್ಕಿಕೊಂಡಿತು. ಶಾಹೀನಾ ಹೇಳಿದ್ದ ಜಾಗದಲ್ಲೇ. ಈ ಸಲ ಮತ್ತೆ ಹೊರಡಲಿಲ್ಲ. ಬಿಸಿ ಮಾಡಿ ನೋಡಿದೆವು, ಹಿಂದಕ್ಕೆ ತಿರುಗಿಸಲು ನೋಡಿದೆವು. ಅಷ್ಟು ಎತ್ತರದಲ್ಲಿರುವ ವಸ್ತುವಿಗೆ ಕೈ ಹಾಕಿ ಸರಿಪಡಿಸುವವರು ಯಾರು?

ವಿಚಾರಣೆ ನಡೆಯಿತು. ಸಭೆಗೆ ಮುಂಚೆ ಸೆನ್ಸಾರ್ ಬದಲಾಯಿಸಿ ನೋಡಿದ ವಿಷಯ ಗೊತ್ತಿದ್ದರೆ ಕೆಂಪನ್ನು ಯಾಕೆ ತೆಗೆದಿರಿ, ಗೊತ್ತಿರದಿದ್ದರೆ ಯಾಕೆ ಗೊತ್ತಿರಲಿಲ್ಲ ಎಂದು ಕೇಳಿದರು. ಶಾಹೀನಾ ಮೇಜಿನ ಆಚೆ ಬದಿಗೆ ಕೂತಿದ್ದಳು. ಮುಂಚೆಯೇ ನಾಗಭೂಷಣ್ ಸರ್‌ಗೆ ಹೇಳಿಹೋಗಿದ್ದೆ ಎಂದು ಅವಳು ಆಗಲೇ ಹೇಳಿದ್ದಳು. ನಾನು ಹೌದೆನ್ನುತ್ತೇನೆಂದು ಅವಳಿಗೆ ಎಷ್ಟು ಖಚಿತವಾಗಿತ್ತೆಂದರೆ, ನನ್ನ ಸರದಿ ಬಂದಾಗ ತಲೆ ಎತ್ತಿ ನೋಡಲೂ ಇಲ್ಲ.

"ಇಲ್ಲ ಸರ್" ಎಂದೆ. "ಪರೀಕ್ಷೆ ಅರ್ಧಕ್ಕೆ ಬಿಟ್ಟು ಊರಿಗೆ ಹೋದರು. ನನಗೆ ಏನೂ ಹೇಳಿರಲಿಲ್ಲ."

ಆಗ ತಲೆ ಎತ್ತಿದಳು.

"ನಾಗಣ್ಣ?"

ಕಚೇರಿಯಲ್ಲಿ, ಎಲ್ಲರ ಎದುರು, ಅವಳು ಹಾಗೆ ಕರೆದದ್ದು ಅದೊಂದೇ ಸಲ. ನಾನು ನೆಲ ನೋಡಿದೆ. ತಂದೆ ಸಾಯುತ್ತಿದ್ದ ಹೊತ್ತಿನಲ್ಲಿ ನಾನೇ ಆಟೋ ಹತ್ತಿಸಿ ಕಳಿಸಿದ ಹುಡುಗಿಯನ್ನು, ಕೆಲಸ ಬಿಟ್ಟು ಓಡಿಹೋದವಳು ಎಂದು ಮಾಡಿದೆ. ಕೊಳೆತ ಹೆಣದ ಹತ್ತಿರ ಮೂಗು ಮುಚ್ಚಿಕೊಳ್ಳಬಹುದು. ನನ್ನ ಹತ್ತಿರ ನಾನು ಹೇಗೆ ಮುಚ್ಚಿಕೊಳ್ಳಲಿ?

ಅವಳನ್ನು ಉಗ್ರಾಣದ ವಿಭಾಗಕ್ಕೆ ಹಾಕಿದರು. ಸ್ವಲ್ಪ ಕಾಲ ಇದ್ದು ಕೆಲಸ ಬಿಟ್ಟು ಹೋದಳು. ನಾನು ನಿರ್ದೇಶಕರ ಕೆಳಗಿನ ಆ ಕುರ್ಚಿಯಲ್ಲಿ ಕೂತೆ.

ಹೊಸ ಉಪಗ್ರಹ ಕುರುಡಾದ್ದರಿಂದ, ವಯಸ್ಸಾಗಿ ಬಿಡುಗಡೆಗೆ ಕಾದಿದ್ದ ಹಳೆಯದರಿಂದಲೇ ಕೆಲಸ ತೆಗೆಯಬೇಕಾಯಿತು. ಅದು ಕಳಿಸುವ ಚಿತ್ರಗಳ ನಡುವೆ ಹೊತ್ತಿನ ಅಂತರ ಹೆಚ್ಚು. ನಮ್ಮ ಸೀಮೆಯ ಬೇಸಿಗೆ ಮೋಡಗಳು ಆ ಅಂತರದಲ್ಲೇ ಹುಟ್ಟಿ, ಎತ್ತರಕ್ಕೆ ಬೆಳೆದು, ಸಿಡಿದುಬಿಡುವಂಥವು. ಒಂದು ಮಧ್ಯಾಹ್ನ ನಿಡುಗಲ್ ಬೆಟ್ಟದ ಮೇಲೆ ಹಾಗೇ ಆಯಿತು. ಈರಕ್ಕ ಇಳಿಜಾರಿನಲ್ಲಿ ಕುರಿ ಬಿಟ್ಟುಕೊಂಡಿದ್ದಳು. ಮೋಡ ಕಪ್ಪಾದದ್ದನ್ನು ನೋಡಿದಳಂತೆ. ಮೊದಲಿನ ಕಾಲವಾಗಿದ್ದರೆ ಆಗಲೇ ಕುರಿ ಹೊಡೆದುಕೊಂಡು ಕೆಳಗಿಳಿಯುತ್ತಿದ್ದಳು. ಸೊಂಟದ ಚೀಲದಿಂದ ಫೋನು ತೆಗೆದು ನೋಡಿದಳು. ಕೂಗಿಲ್ಲ. ಇನ್ನೂ ಹೊತ್ತಿದೆ ಎಂದು ಅಲ್ಲೇ ನಿಂತಳು.

ನಾನು ಪಾವಗಡದ ಆಸ್ಪತ್ರೆಗೆ ಹೋದಾಗ ಅವಳಿಗೆ ಪ್ರಜ್ಞೆ ಬಂದಿತ್ತು. ಒಂದು ತೋಳು ಸುಟ್ಟಿತ್ತು. ನಾನು ಮಾತನಾಡಿಸಿದರೆ ನನ್ನ ತುಟಿಗಳನ್ನೇ ನೋಡಿದಳು. ತಿಪ್ಪೇಸ್ವಾಮಿ ಭಾವ ನನ್ನನ್ನು ಹೊರಗೆ ಕರೆದುಕೊಂಡು ಬಂದ.

"ಕುರಿ ಬೋ ಪಾಲು ಸತ್ವಪ್ಪ. ಇವಳೆಲ್ಲಿ ಅಂತ ಮಳೇನಾಗೆ ಹುಡುಕ್ತಾ ಇದ್ದೆ. ಆವಾಗ ಫೋನು ಕೂಗ್ತು. ನೀನ್ ಹಾಕ್ಕೊಟ್ಟಿದ್ದೇ. ಆ ಸದ್ದು ಹಿಡ್ಕಂಡು ಹೋದೆ, ಬಂಡೆ ಮಗ್ಗುಲಾಗೆ ಬಿದ್ದಿದ್ಲು."

"ಸಿಡಿಲು ಬಡಿದ ಮೇಲೆ ಕೂಗ್ತಾ?"

"ಊಂ, ಆಮೇಲೇ. ಏಮಿ ಚೇಸ್ತಾಮು, ಏನ್ ಮಾಡಾದು, ಸಿಡ್ಲು ಯಾರ್ ಮಾತು ಕೇಳ್ತೈತೆ? ಆ ಫೋನ್ ಇಲ್ದಿದ್ರೆ ಇವ್ಳು ಸಿಕ್ತಾನೇ ಇರ್ಲಿಲ್ಲ. ನೀನೇ ಉಳಿಸ್ದೆ ಅನ್ಕೋ."

ನನ್ನ ಎರಡೂ ಕೈ ಹಿಡಿದುಕೊಂಡು ಹೀಗೆಂದ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಆಸ್ಪತ್ರೆಯ ಹಿಂದಿನ ಗೋಡೆಯ ಬಳಿ ಹೋಗಿ ವಾಂತಿ ಮಾಡಿದೆ. ಬಿಸಿಲಿಗೆ ಎಂದು ಸುಳ್ಳು ಹೇಳಿದೆ — ಅದನ್ನೂ.

ಅದಕ್ಕಿಂತ ಅಸಹ್ಯವಾದದ್ದು ಇನ್ನೂ ಇತ್ತು. ನಮ್ಮ ಕಚೇರಿಯ ವಾರ್ಷಿಕ ಪರಿಶೀಲನೆಯಲ್ಲಿ ಆ ಮಧ್ಯಾಹ್ನದ ಮುನ್ನೆಚ್ಚರಿಕೆಯನ್ನು 'ನೀಡಲಾಗಿದೆ' ಎಂಬ ಕಡೆಗೆ ಸೇರಿಸಿದ್ದರು. ಎಚ್ಚರಿಕೆ ಹೋಗಿದ್ದು ನಿಜವಲ್ಲವೇ? ತಲುಪುವ ಹೊತ್ತಿಗೆ ಹೆಂಗಸು ಬಂಡೆಯ ಮಗ್ಗುಲಿಗೆ ಬಿದ್ದಿದ್ದಳು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ನನ್ನ ಮುಂದೆಯೇ ಓದಿದರು. ನಾನು ತಲೆಯಾಡಿಸಿದೆ.

ಹೊಸ ಉಪಗ್ರಹ ಸರಿಯಿದ್ದಿದ್ದರೆ ಈರಕ್ಕನಿಗೆ ಏನೂ ಆಗುತ್ತಿರಲಿಲ್ಲ ಎಂದು ಖಂಡಿತವಾಗಿ ಯಾರೂ ಹೇಳಲಾರರು. ಈ ವಾಕ್ಯವನ್ನು ನಾನು ಎಷ್ಟೋ ವರ್ಷ ಹೊದ್ದುಕೊಂಡು ಮಲಗಿದೆ. ವಿಜ್ಞಾನದ ಪ್ರಕಾರ ಅದು ಸರಿಯಾದ ವಾಕ್ಯ. ಸರಿಯಾದ ವಾಕ್ಯದೊಳಗೂ ಹೇಡಿಯೊಬ್ಬ ಅಡಗಿ ಕೂರಬಹುದು. ಮೋಡ ಕಂಡರೆ ಇಳಿದುಬರುತ್ತಿದ್ದ ಹೆಂಗಸಿಗೆ, ಕೂಗದಿದ್ದರೆ ಭಯವಿಲ್ಲ ಎಂದು ಕಲಿಸಿದವನು ಯಾರು? ಆಕಾಶದ ಆ ಕಣ್ಣು ಕುರುಡಾದ ಮೇಲೂ ಅವಳಿಗೊಂದು ಮಾತು ತಿಳಿಸದವನು? ತಿಳಿಸಿದ್ದರೆ ಯಾಕೆ ಕುರುಡಾಯಿತು ಎಂದು ಕೇಳುತ್ತಿದ್ದಳು. ಅದಕ್ಕೇ ತಿಳಿಸಲಿಲ್ಲ.

ನಿವೃತ್ತನಾದ ಮೇಲೆ, ಈ ವರ್ಷ, ಶಿರಾಕ್ಕೆ ಹೋದೆ. ಶಾಹೀನಾ ಅಲ್ಲಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಬಾಗಿಲು ತೆರೆದವಳು ಒಳಗೆ ಕರೆಯಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ. ಜಗಲಿಯ ಮೇಲೆ ನಿಂತೇ ಎಲ್ಲವನ್ನೂ ಹೇಳಿದೆ — ಕುರ್ಚಿಯ ಆಸೆ, ಸಭೆಯ ಸುಳ್ಳು, ಅವಳಿಗೆ ಹೇಳಿದ ಸುಳ್ಳು, ಅವಳ ಮೇಲೆ ಹೇಳಿದ ಸುಳ್ಳು. ಈರಕ್ಕನ ವಿಷಯವನ್ನೂ ಹೇಳಿದೆ. ಕೊನೆಗೆ ಕೈ ಮುಗಿಯಲು ಹೋದೆ.

"ಕೈ ಇಳಿಸಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಎಂಜಲೆಲೆ ನೋಡುವವರ ಮುಖದಲ್ಲಿ ಇರುವಂಥದ್ದೇನೋ ಇತ್ತು. "ನನ್ನ ಹತ್ರ ಹೇಳೋದು ಸುಲಭ ಸರ್. ನನಗೆ ಇದೆಲ್ಲ ಗೊತ್ತಿರೋದೇ. ಗೊತ್ತಿಲ್ಲದೋರಿಗೆ ಹೇಳಿ."

ಬಾಗಿಲು ಹಾಕಿಕೊಂಡಳು. ಸರ್ ಎಂದಿದ್ದಳು.

ಅವಳು ಹೇಳಿದ್ದು ಸರಿ. ಮರುದಿನವೇ ಬೆಂಗಳೂರಿಗೆ ಹೋಗಿ, ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು, ಆಕೆ ಹೇಳಿದ್ದು ನಿಜ ಎಂದು ಈಗಿನ ಅಧಿಕಾರಿಯ ಮುಂದೆ ಹೇಳಿದೆ, ಬರೆದೂ ಕೊಟ್ಟೆ. ಆತ ನನ್ನ ಕೈಕೆಳಗೆ ಕೆಲಸ ಕಲಿತವನು. "ಈಗ್ಯಾಕೆ ಸರ್ ಇದೆಲ್ಲ, ಮರೆತುಬಿಡಿ" ಎಂದು ಕಾಫಿ ತರಿಸಿದ. ಕುಡಿಯಲಿಲ್ಲ. ಅವಳ ಹೆಸರಿನ ಮೇಲಿನ ಮಸಿ ಹೋಗುವ ತನಕ ಬರುತ್ತಲೇ ಇರುತ್ತೇನೆ ಎಂದು ಹೇಳಿ ಎದ್ದೆ. ಹೋಗುತ್ತಲೇ ಇದ್ದೇನೆ. ಇನ್ನೂ ಹೋಗಿಲ್ಲ, ಆ ಮಸಿ.

ನಿಡುಗಲ್ಲಿಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ಹೋದೆ. ಈರಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. "ಬಾರ್ಲಾ ನಾಗ, ಕೂಕಾ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ನೀರು ಕೊಟ್ಟಳು. ನಾನು ತಗ್ಗಿದ ದನಿಯಲ್ಲಿ ಶುರು ಮಾಡಿದೆ. ಅಕ್ಕ, ನಿನಗೊಂದು ವಿಷಯ ಹೇಳಬೇಕು —

"ಏನಂದೆ? ಈ ಕಿವಿ ಪೂರ್ತಿ ಹೋಗೈತೆ ಕಣ್ಲಾ. ಈ ಕಡೇಕ್ ಬಾ. ಕೂಗಿ ಹೇಳು."

ಎದುರು ಮನೆಯ ಕಟ್ಟೆಯ ಮೇಲೆ ಜನ ಕೂತಿದ್ದರು. ಹಾಲಿನ ಕ್ಯಾನು ಹಿಡಿದು ಇಬ್ಬರು ಹೋಗುತ್ತಿದ್ದರು. ನಾನು ಇನ್ನೊಂದು ಪಕ್ಕಕ್ಕೆ ಹೋಗಿ ಕೂತೆ. ಸ್ವಲ್ಪ ಎತ್ತರಿಸಿ ಹೇಳಿದೆ. ಕೇಳಿಸಲಿಲ್ಲ. ಅವಳು ಕಿವಿಗೆ ಅಂಗೈ ಒತ್ತಿ ನನ್ನತ್ತ ಬಾಗಿದಳು. ಇಷ್ಟು ವರ್ಷ ಮುಚ್ಚಿದ ಕೋಣೆಗಳಲ್ಲಿ ಮೆಲ್ಲನೆ ಮಾತಾಡಿ ಬದುಕಿದವನು ನಾನು. ಬೀದಿಯಲ್ಲಿ ಕೂಗಿದೆ.

"ನಿನ್ ಕಿವಿ ಹೋಗಿದ್ದು ನನ್ನಿಂದ ಅಕ್ಕ! ಆ ಉಪಗ್ರಹ ಸರಿ ಇಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಸರಿ ಐತೆ ಅಂದೆ! ಅದು ಕೆಟ್ಟೋದ ಮೇಲೂ ನಿಂಗೆ ಹೇಳ್ಲಿಲ್ಲ!"

ಎದುರು ಕಟ್ಟೆಯ ಮಾತು ನಿಂತಿತು. ಹಾಲಿನವರು ನಿಂತರು. ತಿಪ್ಪೇಸ್ವಾಮಿ ಭಾವ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತ.

ಈರಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಕೇಳಿಸಿತ್ತು.

"ಬೇಕೂ ಅಂತ ಮಾಡ್ದಾ?" ಎಂದಳು.

ಇಲ್ಲ ಎನ್ನಬಹುದಿತ್ತು. ಮೇಲಿನವರು, ಒತ್ತಡ, ವಿಜ್ಞಾನ — ಎಲ್ಲವೂ ನಾಲಿಗೆಯ ತುದಿಯಲ್ಲೇ ಇದ್ದವು.

"ಹೂಂ, ಅಕ್ಕ" ಎಂದು ಕೂಗಿದೆ. "ಬೇಕೂ ಅಂತ."

ಅವಳು ಮಡಿಲಿನ ಅವರೆಕಾಯನ್ನು ಮೊರಕ್ಕೆ ಸುರಿದು, ಸೀರೆ ಕೊಡವಿಕೊಂಡು ಎದ್ದಳು. ನನ್ನತ್ತ ತಿರುಗದೆ ಕುರಿದೊಡ್ಡಿಯ ಕಡೆ ನಡೆದು, ಉಳಿದಿರುವ ಕುರಿಗಳನ್ನು ಬಿಚ್ಚತೊಡಗಿದಳು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಮತ್ತು ನಾನು ಯಾರೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.